ಮೂರನೇ ಕಿಟಕಿಯ ಸಿರಪ್ಪು

ನಮ್ಮ ಭಾವನಿಗೆ ಈ ಭೂಮಿಯ ಮೇಲೆ ಬೇಕಾಗಿದ್ದದ್ದು ಒಂದೇ ಒಂದು. ಬಡ್ತಿಯಲ್ಲ, ಸ್ವಂತ ಮನೆಯಲ್ಲ, ಹೆಸರಂತೂ ಅಲ್ಲವೇ ಅಲ್ಲ. ನಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ಕಡತಗಳನ್ನು ಪೇರಿಸಿಟ್ಟ ಕೋಣೆಯೊಂದಿದೆ. ಆ ಕೋಣೆ ಬೇಕಾಗಿತ್ತು. ಅಲ್ಲಿರುವುದು ಒಂದು ಬಲ್ಬು, ಒಂದು ಮೇಜು, ಕೈ ಮುರಿದ ಒಂದು ಕುರ್ಚಿ, ಗೋಡೆಯುದ್ದಕ್ಕೂ ಬಟ್ಟೆಯಲ್ಲಿ ಕಟ್ಟಿದ ಕಡತಗಳ ಗಂಟು. ಫೋನಿಲ್ಲ. "ಅಲ್ಲಿಗೆ ಯಾರೂ ಬರಲ್ಲ ಕಣೋ" ಎಂದು ಭಾವ ಆಸೆಯಿಂದ ಹೇಳುತ್ತಿದ್ದರು. ಕಿಟಕಿಯೇನೋ ಇದೆ, ಅದರಾಚೆ ಗೋಡೆ. ಅಲ್ಲಿ ಕೂರುತ್ತಿದ್ದವರು ನಿವೃತ್ತರಾದ ಮೇಲೆ ಜಾಗ ಖಾಲಿ ಬಿದ್ದಿತ್ತು. ಭಾವ ಅರ್ಜಿ ಹಾಕಿದ್ದರು. ಸಾಹೇಬರು "ನೋಡೋಣ" ಅಂದಿದ್ದರು. ನಮ್ಮ ಸಾಹೇಬರ "ನೋಡೋಣ"ವನ್ನು ನಂಬಿ ಕಾಯುತ್ತಾ ಕಾಯುತ್ತಾ ನಿವೃತ್ತರಾದವರೇ ನಮ್ಮಲ್ಲಿ ಇಬ್ಬರು ಮೂವರಿದ್ದಾರೆ.

ನನಗೂ ಭಾವನಿಗೂ ಇರುವ ಸಂಬಂಧವನ್ನು ಮೊದಲೇ ಹೇಳಿಬಿಡುತ್ತೇನೆ. ನಾವಿಬ್ಬರೂ ಷಡ್ಡಕರು. ಅಕ್ಕನನ್ನು ಅವರು ಕಟ್ಟಿಕೊಂಡರು, ತಂಗಿಯನ್ನು ನಾನು ಕಟ್ಟಿಕೊಂಡೆ. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಬಿಟ್ಟಿರಲಾರೆವೆಂದು ಹಠ ಹಿಡಿದು ಒಂದೇ ಕಟ್ಟಡದಲ್ಲಿ ಮನೆ ಮಾಡಿಸಿದರು. ಅವರದು ಮೇಲೆ, ನಮ್ಮದು ನೇರ ಅದರ ಕೆಳಗೆ. ಮಾವನವರು ಓಡಾಡಿ ಇಬ್ಬರು ಅಳಿಯಂದಿರನ್ನೂ ನೀರು ಸರಬರಾಜು ಕಚೇರಿಗೆ ಸೇರಿಸಿದರು. ಅವರದು ಮೂರನೇ ಕಿಟಕಿ, ನನ್ನದು ನಾಲ್ಕನೆಯದು. ಹೀಗಾಗಿ ಹಗಲೆಲ್ಲ ಅವರ ನಿಟ್ಟುಸಿರು ನನ್ನ ಎಡಗಿವಿಗೆ, ಸಂಜೆಯಾದರೆ ಅವರ ಚಪ್ಪಲಿಯ ಸದ್ದು ನನ್ನ ನೆತ್ತಿಯ ಮೇಲೆ.

ಮೂರನೇ ಕಿಟಕಿ ಅಂದರೆ ದೂರಿನ ಕಿಟಕಿ. ನಲ್ಲಿ ಬರುತ್ತಿಲ್ಲ, ಬಂದರೆ ನಿಲ್ಲುತ್ತಿಲ್ಲ, ನಿಂತರೆ ಕೆಂಪಗಿದೆ, ಪಕ್ಕದ ಮನೆಗೆ ಮಾತ್ರ ಬರುತ್ತಿದೆ. ಊರಿನ ಸಿಟ್ಟೆಲ್ಲ ಪೈಪಿನಲ್ಲಿ ಹರಿದು ಬಂದು ಭಾವನ ಮುಖಕ್ಕೆ ಬೀಳುತ್ತಿತ್ತು. ನಾಲ್ಕನೇ ಕಿಟಕಿಯ ಮೀಟರಿನ ತಕರಾರು ಇದಕ್ಕಿಂತ ಕಡಿಮೆಯದೇನಲ್ಲ. ಆದರೆ ನಾನು ಜನರಿಗೆ ತಿರುಗಿಸಿ ಬಯ್ಯುತ್ತೇನೆ, ಹಾಗಾಗಿ ಆರೋಗ್ಯವಾಗಿದ್ದೇನೆ. ಭಾವನಿಗೆ ಬಯ್ಯಲು ಬರುವುದಿಲ್ಲ. ಅವರಿಗೆ ಬರುವುದು "ಹೌದು, ಹೌದು, ಗೊತ್ತಾಯ್ತು" ಅನ್ನುವುದು, ತಲೆಯಾಡಿಸುವುದು, ಬರೆದುಕೊಳ್ಳುವುದು. ವರ್ಷಗಟ್ಟಲೆ ತಲೆಯಾಡಿಸಿ ಆಡಿಸಿ ಅದು ಈಗ ತಾನಾಗಿಯೇ ಆಡುತ್ತದೆ. ಮನೆಯಲ್ಲಿ ಟೀವಿಯವನು ಹವಾಮಾನ ವರದಿ ಓದಿದರೂ ಭಾವ "ಹೌದು, ಹೌದು, ಗೊತ್ತಾಯ್ತು" ಅನ್ನುತ್ತಾರೆ. ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ ಗೊತ್ತಿರುವುದಿಲ್ಲ.

ಇಷ್ಟು ಹೌದು ಹೌದು ಅಂದರೆ ಯಾರ ಗಂಟಲು ಉಳಿದೀತು? ಒಂದು ದಿನ ಅವರ ದನಿ ಪೂರಾ ಕೂತುಹೋಯಿತು. ಅತ್ತಿಗೆ ಅವರನ್ನು ಗಿಡಮೂಲಿಕೆಯ ಅಂಗಡಿಗೆ ಅಟ್ಟಿದರು. ಜೊತೆಗೆ ನನ್ನನ್ನೂ ಅಟ್ಟಿದರು, ಯಾಕೆಂದರೆ ಭಾವನಿಗೆ ಒಬ್ಬರೇ ಬಸ್ಸು ಹತ್ತಿದರೆ ನಿದ್ದೆ ಹೋಗಿ ಕೊನೆಯ ನಿಲ್ದಾಣದಲ್ಲಿ ಇಳಿಯುವ ಅಭ್ಯಾಸವಿತ್ತು.

ಅಂಗಡಿಯವನು ಪುದೀನ, ಶುಂಠಿ, ಸೋಂಪು, ನಿಂಬೆಹುಲ್ಲು, ಜ್ಯೇಷ್ಠಮಧು ಐದನ್ನೂ ಕಟ್ಟಿಕೊಟ್ಟ. ಮಾಡುವ ವಿಧಾನವನ್ನು ಕೈ ತಿರುಗಿಸಿ ತಿರುಗಿಸಿ ವಿವರಿಸಿದ. ಆಗ ನಾನು ಹೊರಗೆ ನಿಂತು ಆಟೋದವನ ಜೊತೆ ಜಗಳವಾಡುತ್ತಿದ್ದೆ. ಒಳಗಿನಿಂದ ಕೇಳಿಸಿದ್ದು ಭಾವನ ಒಡಕು ದನಿ ಮಾತ್ರ: "ಹೌದು, ಹೌದು, ಗೊತ್ತಾಯ್ತು."

ಮನೆಗೆ ಬಂದ ಮೇಲೆ ಅತ್ತಿಗೆ "ಕೊಡಿ ಇಲ್ಲಿ, ನಾನು ಮಾಡ್ತೀನಿ" ಅಂದರು. ಅಷ್ಟಕ್ಕೆ ಕೊಟ್ಟಿದ್ದರೆ ನಾನು ಈ ಕಥೆ ಬರೆಯುವ ಅಗತ್ಯವಿರಲಿಲ್ಲ. ಭಾವನಿಗೆ ಆ ದಿನ ಎಲ್ಲಿಲ್ಲದ ಗತ್ತು ಬಂತು.

"ನೀನು ಸುಮ್ನಿರು. ಅಡುಗೆಮನೆ ಕೆಲಸ ನನಗೇನು ಹೊಸದಾ?"

ಹೊಸದಲ್ಲ, ನಿಜ. ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿ ಅವರಿಗೆ ವಹಿಸಿದ ಕೆಲಸ ಒಂದಿತ್ತು. ಅನ್ನ ಬಸಿಯುವುದು. ಪಾತ್ರೆ ಭಾರ, ಅತ್ತಿಗೆಯ ಮಣಿಕಟ್ಟು ಸೂಕ್ಷ್ಮ. ದಿನವೂ ತೂತಿನ ಬುಟ್ಟಿ ಇಟ್ಟು, ಪಾತ್ರೆ ಬಗ್ಗಿಸಿ, ನೀರೆಲ್ಲ ಸಿಂಕಿಗೆ ಬಿಟ್ಟು ಅನ್ನವನ್ನು ಮೇಜಿಗೆ ತರುವಷ್ಟರಲ್ಲಿ ಭಾವ ನಿದ್ದೆಗಣ್ಣಿನಲ್ಲಿದ್ದರೂ ಒಂದಗುಳು ಆಚೆ ಬೀಳುತ್ತಿರಲಿಲ್ಲ. ಆ ಮಟ್ಟಿಗೆ ಅವರು ಪಳಗಿದ ಕೈ. ಅತ್ತಿಗೆ ಮುಖ ಊದಿಸಿಕೊಂಡು ಕೆಳಗೆ ನಮ್ಮ ಮನೆಗೆ ಬಂದು ಕೂತರು.

ಸ್ವಲ್ಪ ಹೊತ್ತಿಗೆ ನಮ್ಮ ಬಚ್ಚಲಿನ ಕಡೆಯಿಂದ ಘಮ್ಮೆಂದು ಪುದೀನದ ವಾಸನೆ ಬಂತು.

"ನೋಡ್ರೀ, ಭಾವ ಮಾಡ್ತಿರೋ ಸಿರಪ್ ಎಷ್ಟು ಸ್ಟ್ರಾಂಗು! ನಮ್ಮನೆವರೆಗೂ ಬಂತು," ಅಂದಳು ನನ್ನ ಹೆಂಡತಿ.

ನನಗೂ ಹಾಗೇ ಅನ್ನಿಸಿತು. ಬಚ್ಚಲಿನಿಂದ ಜೀವಮಾನದಲ್ಲಿ ಮೊದಲ ಸಲ ಒಳ್ಳೆಯ ವಾಸನೆ ಬರುತ್ತಿರುವಾಗ ಕಾರಣ ಕೇಳುವ ಮನಸ್ಸು ಯಾರಿಗೆ ಬರುತ್ತದೆ?

ಸಿರಪ್ಪು ಕಂದು ಬಣ್ಣಕ್ಕೆ ತಿರುಗಿ, ಜೇನಿನಂತೆ ಮಂದವಾಗಿ ಬಂದಿತ್ತು. ಲೋಟದ ತಣ್ಣೀರಿಗೆ ಎರಡು ಚಮಚ ಬೆರೆಸಿ ನನಗೂ ಕೊಟ್ಟರು. ಸಿಹಿ, ಹಿಂದಿನಿಂದ ಒಂದು ಚೂರು ಕಹಿ. ಕಹಿಯಿದ್ದರೆ ಔಷಧಿ ಎಂದು ನಂಬುವ ವಂಶದವನು ನಾನು. "ಚೆನ್ನಾಗಿದೆ ಭಾವ" ಅಂದೆ. ಭಾವ ನಿಂತಲ್ಲೇ ಆಕಳಿಸಿ "ಐದು ಮೂಲಿಕೆ ಕಣೋ" ಅಂದರು.

ಮೊದಲು ಸಿಕ್ಕಿಬಿದ್ದವರು ಎದುರು ಮನೆಯ ಡ್ರೈವಿಂಗ್ ಮೇಷ್ಟ್ರು. ಊರಿಗೆಲ್ಲ ಕಾರು ಕಲಿಸಿ ಅವರ ನರಗಳು ಬಿಟ್ಟುಹೋಗಿದ್ದವು. ಮನೆಯಲ್ಲಿ ಊಟಕ್ಕೆ ಕೂತಿದ್ದಾಗಲೂ ಬಲಗಾಲಲ್ಲಿ ಬ್ರೇಕು ಒತ್ತುತ್ತಿದ್ದರು. ಅವರೊಮ್ಮೆ ಮೆಟ್ಟಿಲ ಮೇಲೆ ಭಾವನ ಕೈಯಲ್ಲಿದ್ದ ಬಾಟಲಿ ನೋಡಿ ಕೇಳಿದರು.

"ಏನ್ರೀ ಅದು?"

"ಸಿರಪ್ಪು. ನಾನೇ ಮಾಡ್ತೀನಿ," ಅಂದರು ಭಾವ. ಒಂದೇ ಸಲ ಮಾಡಿದವರು "ಮಾಡಿದೆ" ಅನ್ನಬೇಕು. "ಮಾಡ್ತೀನಿ" ಅಂದದ್ದೇ ಗ್ರಹಚಾರ.

ಮೇಷ್ಟ್ರು ಒಳಗೆ ಬಂದು ಕೂತರು. ಒಂದು ಲೋಟ ಕುಡಿದರು. ಆ ದಿನ ಶಿಷ್ಯೆಯೊಬ್ಬಳು ಕಾರನ್ನು ಹೂವಿನ ಅಂಗಡಿಯೊಳಗೆ ನಿಲ್ಲಿಸಿದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಭಾವ ಅಷ್ಟನ್ನೂ ತಲೆಯಾಡಿಸುತ್ತಾ ಕೇಳಿದರು, ಅಥವಾ ಕೇಳಿದಂತೆ ಇದ್ದರು. ಎದ್ದು ಹೋಗುವಾಗ ಮೇಷ್ಟ್ರ ಬಲಗಾಲು ನಿಂತಿತ್ತು.

"ಏನ್ ಸಾರ್ ಇದು ಮಾಯೆ! ಎದೆ ಹಗುರಾಗೋಯ್ತು!"

ಅಲ್ಲಿಂದ ಕಟ್ಟಡಕ್ಕೆ ಕಟ್ಟಡವೇ ಸಂಜೆ ಹೊತ್ತು ಭಾವನ ಬಾಗಿಲಿಗೆ ಬರತೊಡಗಿತು. ಎಲ್ಲರಿಗೂ ಒಂದೊಂದು ಲೋಟ, ಲೋಟಕ್ಕೊಂದು ಕಥೆ. ಭಾನುವಾರ ಮಧ್ಯಾಹ್ನ ಭಾವ ಒಂದು ಗಳಿಗೆ ಅಡ್ಡಾಗುತ್ತಿದ್ದರು, ಅದೂ ಹೋಯಿತು. ಅತ್ತಿಗೆ ಕರೆಗಂಟೆಯ ತಂತಿ ಕಿತ್ತುಹಾಕಿದರು. ಜನ ಬಾಗಿಲು ಬಡಿದರು.

ಕಚೇರಿಗೆ ಬಾಟಲಿ ಒಯ್ದದ್ದು ತಮ್ಮ ಗಂಟಲಿಗೆಂದೇ. ಆ ಬೆಳಿಗ್ಗೆ ಲಾಂಡ್ರಿ ಯಜಮಾನಿ ಬಂದರು. ಅವರನ್ನು ಕಂಡರೆ ನಮ್ಮ ಕಚೇರಿಯಲ್ಲಿ ಒಂದನೇ ಕಿಟಕಿಯವನು ಊಟಕ್ಕೆ ಹೋಗುತ್ತಾನೆ, ಎರಡನೆಯವನು ಮೇಜಿನ ಕೆಳಗೆ ಪೆನ್ನು ಹುಡುಕುತ್ತಾನೆ.

"ನೀರಿಲ್ಲದೆ ಊರ ಬಟ್ಟೆ ಹೇಗ್ರೀ ಒಗೀಲಿ? ನೆಕ್ಕಲಾ?" ಎಂದು ಆಕೆ ಶುರುಮಾಡಿದರು. ಕಿಟಕಿಯ ಗಾಜು ನಡುಗಿತು.

ಭಾವನಿಗೆ ಹೌದು ಹೌದು ಅನ್ನಲು ದನಿಯಿರಲಿಲ್ಲ. ಬೇರೇನೂ ತೋಚದೆ ತಮಗೆಂದು ಬೆರೆಸಿಟ್ಟ ಲೋಟವನ್ನೇ ಕಿಟಕಿಯಿಂದಾಚೆಗೆ ತಳ್ಳಿದರು. ಆಕೆ ಅದನ್ನು ಗಟಗಟ ಕುಡಿದರು. ಕುರ್ಚಿ ಎಳೆದುಕೊಂಡು ಕೂತರು. ಬಾಯ್ಲರು, ನೀರು, ಕೆಲಸ ಬಿಟ್ಟುಹೋದ ಇಸ್ತ್ರಿಯವನು, ತಮ್ಮ ಸೊಂಟ, ಎಲ್ಲವನ್ನೂ ಹೇಳಿಕೊಂಡರು. ಭಾವ ಕಣ್ಣು ಅರ್ಧ ಮುಚ್ಚಿ ತಲೆಯಾಡಿಸಿದರು. ಕೊನೆಗೆ ಆಕೆ ಎದ್ದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ನೀರು ನಿಧಾನಕ್ಕೆ ಬಿಡಿ ಪರವಾಗಿಲ್ಲ. ನೀವು ಗಂಟಲು ನೋಡ್ಕೊಳ್ಳಿ" ಎಂದು ಹೊರಟುಹೋದರು.

ಇದೆಲ್ಲವನ್ನೂ ಸಾಹೇಬರು ತಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಅವರು ಕೆಲಸ ಮಾಡುವುದು ನಮಗೆ ಗೊತ್ತಿಲ್ಲ, ಆದರೆ ಸಂದಿಯಿಂದ ನೋಡುವುದರಲ್ಲಿ ಯಾವತ್ತೂ ತಪ್ಪಿಸಿಕೊಂಡವರಲ್ಲ. ಮಾರನೆಯ ದಿನ ಮೂರನೇ ಕಿಟಕಿಯ ಮೇಲೆ ಬೋರ್ಡು ಬಂತು: "ಮೊದಲು ಕುಡಿಯಿರಿ. ಆಮೇಲೆ ದೂರು ಕೊಡಿ."

ಕುಡಿದ ಮೇಲೆ ದೂರು ಕೊಡುವವರ ಸದ್ದು ಇಳಿಯಿತು, ನಿಜ. ಆದರೆ ಸಾಲು ಬೆಳೆಯಿತು. ನೀರು ಬಾರದವರು ಬಂದರು. ನೀರು ಬಂದವರೂ ಬಂದರು. ಒಬ್ಬ ಹಿರಿಯರಂತೂ ದಿನವೂ ಬಂದು ಲೋಟಕ್ಕೆ ಕೈ ಚಾಚುತ್ತಿದ್ದರು.

"ನಿಮ್ಮ ದೂರೇನು ಯಜಮಾನ್ರೇ?" ಎಂದು ನಾನೇ ತಡೆದು ಕೇಳಿದೆ.

"ನಮ್ಮನೇಲಿ ನೀರು ತುಂಬಾ ಚೆನ್ನಾಗಿ ಬರ್ತಿದೆ. ಯಾಕೆ ಅಂತ ಕೇಳೋಣ ಅಂತ ಬಂದೆ."

ಭಾವ ಅದನ್ನೂ ಬರೆದುಕೊಂಡರು. ಸಂಜೆ ಮನೆಗೆ ಹೋಗಿ ಮನೆಯ ದೊಡ್ಡ ಪಾತ್ರೆಯ ತುಂಬ ಸಿರಪ್ಪು ಕಾಯಿಸಿದರು. ನಮ್ಮ ಬಚ್ಚಲು ಘಮಘಮಿಸಿತು. ಅವರ ಬಾಲ್ಕನಿಯ ಕುಂಡದಲ್ಲಿದ್ದ ಬಡಕಲು ಬಳ್ಳಿ ಅದ್ಯಾವ ಮಾಯದಲ್ಲೋ ಚಿಗುರಿ ನಮ್ಮ ಬಾಲ್ಕನಿಗೆ ಇಳಿಯಿತು. ಭಾವ ಮಾತ್ರ ಒಣಗುತ್ತಿದ್ದರು. ಕಣ್ಣ ಕೆಳಗಿನ ಚೀಲ ಕೆನ್ನೆಗೆ ಬಂದಿತ್ತು. ಒಂದು ಸಂಜೆ ಬಸ್ಸಿನಲ್ಲಿ ಕಂಡಕ್ಟರನಿಗೆ ಟಿಕೆಟಿನ ಬದಲು "ನಿಮ್ಮ ದೂರು?" ಎಂದು ಕೇಳಿದರು. ಅವನೂ ಹೇಳಿಕೊಂಡ. ಮಾರನೆಯ ಬೆಳಿಗ್ಗೆ ಕಚೇರಿಯಲ್ಲಿ ನಾನೇ ಮಾತು ತೆಗೆದೆ.

"ಭಾವ, ಸಾಹೇಬರ ಹತ್ರ ಹೋಗಿ. ಆಗಲ್ಲ ಅನ್ನಿ. ಆ ಕೋಣೆ ಕೊಡ್ತೀರೋ ಇಲ್ವೋ ಅಂತ ಕೇಳಿ."

"ಕೇಳೋಣ ಕಣೋ," ಅಂದರು ಭಾವ. ನಾನು ಅವರ ತೋಳು ಹಿಡಿದು ಸಾಹೇಬರ ಕೋಣೆಗೆ ಎಳೆದುಕೊಂಡು ಹೋದೆ.

ಸಾಹೇಬರು ಸಿರಪ್ಪು ಹೀರುತ್ತಾ ಕೂತಿದ್ದರು. ಬಹಳ ಸಮಾಧಾನದಲ್ಲಿದ್ದರು.

"ಕಡತದ ಕೋಣೆ ತಾನೇ? ಕೊಡೋಣ. ಆದರೆ ಒಂದು ಮಾತು. ಈ ಸಿರಪ್ ಮಾಡೋದನ್ನ ಕಚೇರಿಗೆ ಹೇಳಿಕೊಡಿ. ಸಿರಪ್ ಇದ್ರೆ ಆ ಕಿಟಕೀಲಿ ಯಾರು ಕೂತ್ರೂ ನಡೆಯುತ್ತೆ. ಕಲಿಸಿದ ಮಾರನೇ ದಿನಾನೇ ಕೋಣೆ ಬೀಗದಕೈ ನಿಮ್ಮದು."

ಭಾವನ ಮುಖದಲ್ಲಿ ನಗು ಬಂತು. ಎಷ್ಟೋ ಕಾಲದ ಮೇಲೆ ಬಂದದ್ದರಿಂದ ಅದು ಎಲ್ಲಿ ಕೂರಬೇಕೆಂದು ತಿಳಿಯದೆ ಒಂದೇ ಕೆನ್ನೆಯಲ್ಲಿ ನಿಂತಿತು.

ಇನ್ನೇನು ಎಲ್ಲ ಸುಸೂತ್ರವಾಯಿತು ಅನ್ನುವಷ್ಟರಲ್ಲಿ ಕಚೇರಿ ಎದುರಿನ ಜ್ಯೂಸ್ ಅಂಗಡಿಯವನು ಮೂರನೇ ಕಿಟಕಿಗೆ ಬಂದ. ಸಿರಪ್ಪಿನ ದೆಸೆಯಿಂದ ಅವನ ವ್ಯಾಪಾರ ನೆಲ ಕಚ್ಚಿತ್ತು.

"ಸರ್ಕಾರಿ ಕಚೇರೀಲಿ ಏನೋ ಕಷಾಯ ಕುಡಿಸ್ತಿದಾರೆ ಅಂತ ದೂರು ಬರ್ಕೊಳ್ರೀ! ಅದರಲ್ಲಿ ಏನಿದೆ ಅಂತ ಯಾರು ನೋಡಿದಾರೆ?"

"ಹೌದು, ಹೌದು, ಗೊತ್ತಾಯ್ತು," ಎಂದು ಭಾವ ಬೋರ್ಡಿನ ಪ್ರಕಾರ ಮೊದಲು ಲೋಟ ಕೊಟ್ಟರು. ಅವನು ಕುಡಿದ. ಬಾಡಿಗೆ, ಕೊಳೆಯುವ ಹಣ್ಣು, ಮಾತು ಬಿಟ್ಟ ತಮ್ಮ, ಎಲ್ಲ ಹೇಳಿಕೊಂಡು ಕಣ್ಣೊರೆಸಿಕೊಂಡ. "ದೂರು ಬಿಡಿ ಸಾರ್, ನೀವು ಒಳ್ಳೆಯವರು" ಎಂದು ಕೈ ಮುಗಿದು ಹೋದ. ಆದರೆ ಭಾವ ಅಷ್ಟರಲ್ಲಿ ಬರೆದಾಗಿತ್ತು. ಬರೆದ ದೂರನ್ನು ಸಂಬಂಧಪಟ್ಟ ಇಲಾಖೆಗೆ ಕಳಿಸುವುದು ನಿಯಮ. ಹೀಗೆ ನಮ್ಮ ಭಾವ ತಮ್ಮ ಸಿರಪ್ಪಿನ ಮೇಲಿನ ದೂರನ್ನು ತಾವೇ ಬರೆದು, ತಾವೇ ಮೊಹರು ಒತ್ತಿ, ಆಹಾರ ತಪಾಸಣೆಯವರಿಗೆ ಕಳಿಸಿದರು.

"ನಿಮಗೆ ತಲೆ ಇದೆಯಾ ಭಾವ?" ಎಂದು ನಾನು ಕೂಗಾಡಿದೆ.

"ದೂರು ದೂರೇ ಅಲ್ವೇನೋ," ಅಂದರು.

ತಪಾಸಣೆಯವರು ಒಂದು ಬಾಟಲಿ ಒಯ್ದು ಪರೀಕ್ಷೆ ಮಾಡಿಸಿದರು. ಫಲಿತಾಂಶ ಹೇಳಲು ಅವರು ಬರುವ ದಿನವೇ ಸಾಹೇಬರು ಸಿರಪ್ಪು ಕಲಿಯುವ ದಿನವನ್ನೂ ಇಟ್ಟುಕೊಂಡರು. ಒಂದೇ ಖರ್ಚಿನಲ್ಲಿ ಎರಡು ಕೆಲಸ ಮುಗಿಸುವ ಉಮೇದು. ಭಾನುವಾರ ಬೆಳಿಗ್ಗೆ ಭಾವನ ಅಡುಗೆಮನೆಯಲ್ಲಿ ಸಾಹೇಬರು, ತಪಾಸಣೆಯವರು, ಅತ್ತಿಗೆ, ನಾನು ಒತ್ತೊತ್ತಾಗಿ ನಿಂತೆವು. ಡ್ರೈವಿಂಗ್ ಮೇಷ್ಟ್ರು ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು.

ತಪಾಸಣೆಯವರು ಗಂಟಲು ಸರಿಮಾಡಿಕೊಂಡರು. "ನಿಮ್ಮ ಸಿರಪ್ಪಿನಲ್ಲಿ ಅಪಾಯದ ವಸ್ತು ಏನೂ ಇಲ್ಲ. ಆದರೆ ಮೂಲಿಕೆಯೂ ಇಲ್ಲ. ಇರೋದು ಸಕ್ಕರೆ, ನೀರು, ತಳ ಹಿಡಿದು ಸೀದದ್ದು ಒಂದಿಷ್ಟು. ಅಷ್ಟೇ."

ಭಾವನನ್ನು ನಾನು ಬಲ್ಲ ಇಷ್ಟು ವರ್ಷದಲ್ಲಿ ಅವರು ದನಿಯೇರಿಸಿದ್ದು ಅದೇ ಮೊದಲು.

"ಐದು ಮೂಲಿಕೆ ಹಾಕ್ತೀನಿ ಸ್ವಾಮಿ! ನಿಂತ್ಕೊಂಡು ನೋಡಿ, ನಿಮ್ಮ ಕಣ್ಮುಂದೇನೇ ಮಾಡ್ತೀನಿ!"

ಮಾಡಿದರು. ಐದು ಮೂಲಿಕೆಯನ್ನೂ ಎಲ್ಲರಿಗೂ ತೋರಿಸಿ ತೋರಿಸಿ ಪಾತ್ರೆಗೆ ಹಾಕಿದರು. ನೀರು ಅರ್ಧಕ್ಕಿಳಿಯುವ ತನಕ ಕುದಿಸಿದರು. ಅಡುಗೆಮನೆಯೆಲ್ಲ ಘಮ್ಮೆಂದಿತು. ತಪಾಸಣೆಯವರೂ ಮೂಗು ಅರಳಿಸಿ, ನಾನೇ ತಪ್ಪಿದೆನೇನೋ ಅನ್ನುವ ಮುಖ ಮಾಡಿದರು. ಆಗ ಭಾವ ತೂತಿನ ಬುಟ್ಟಿಯನ್ನು ಸಿಂಕಿನಲ್ಲಿಟ್ಟರು. ಬಟ್ಟೆಯಲ್ಲಿ ಪಾತ್ರೆಯ ಅಂಚು ಹಿಡಿದರು. ಪಳಗಿದ ಕೈಯಲ್ಲಿ, ಒಂದೆಲೆಯೂ ಆಚೆ ಬೀಳದ ಹಾಗೆ, ಬಸಿದರು.

ಕಷಾಯವೆಲ್ಲ ಗುಳುಗುಳು ಎಂದು ಪೈಪಿನಲ್ಲಿ ಇಳಿದುಹೋಯಿತು.

ಕೆಳಗಿನ ಮನೆಯಿಂದ ನನ್ನ ಹೆಂಡತಿಯ ಕೂಗು ಕೇಳಿಸಿತು: "ಅಕ್ಕಾ! ಭಾವ ಸಿರಪ್ ಶುರು ಮಾಡಿದ್ರು ಅಂತ ಕಾಣುತ್ತೆ! ಬಚ್ಚಲು ಘಮಘಮ ಅಂತಿದೆ!"

ಭಾವ ಬುಟ್ಟಿಯಲ್ಲಿ ಉಳಿದ ಸೊಪ್ಪನ್ನು ಹೆಮ್ಮೆಯಿಂದ ಎತ್ತಿ ತೋರಿಸಿದರು. "ಇದನ್ನ ಗಿಡದ ಬುಡಕ್ಕೆ ಹಾಕಿಬಿಡೋದು. ಈಗ ಪಾತ್ರೆಗೆ ಬೇರೆ ನೀರು ಬಿಟ್ಟು, ಸಕ್ಕರೆ ಹಾಕಿ..."

"ಆ ನೀರು?" ಅಂದರು ತಪಾಸಣೆಯವರು, ಬಹಳ ಮೆಲ್ಲಗೆ.

"ಯಾವ ನೀರು?"

"ಈಗ ಚೆಲ್ಲಿದ್ರಲ್ಲ."

"ಬಸಿದ ನೀರು ಯಾರಾದ್ರೂ ಇಟ್ಕೋತಾರಾ ಸ್ವಾಮಿ?"

ಅತ್ತಿಗೆ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು. "ರೀ, ಬೇಕಾಗಿದ್ದದ್ದು ಅದೇ ಕಣ್ರೀ. ಇಷ್ಟು ದಿನ ಊರಿಗೆಲ್ಲ ಸಕ್ಕರೆ ನೀರು ಕುಡಿಸಿ ಔಷಧೀನ ಬಚ್ಚಲಿಗೆ ಕುಡಿಸಿದ್ರಲ್ರೀ!"

ಬಾಗಿಲಲ್ಲಿದ್ದ ಡ್ರೈವಿಂಗ್ ಮೇಷ್ಟ್ರ ಬಲಗಾಲು ಮತ್ತೆ ಬ್ರೇಕು ಒತ್ತತೊಡಗಿತು.

ಭಾವ ಬುಟ್ಟಿಯನ್ನು ನೋಡಿದರು, ಸಿಂಕನ್ನು ನೋಡಿದರು. ಅವರಿಗೆ ವಿಷಯ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಮುಖದಲ್ಲಿ ಒಂದು ಆಸೆಯ ಬೆಳಕು ಬಂತು. "ಹಾಗಾದ್ರೆ ಸಿರಪ್ಪೇ ಸುಳ್ಳಾಯ್ತಲ್ಲ ಸಾರ್. ಬೋರ್ಡು ತೆಗೆದುಬಿಡೋಣ. ನಾನು ಕೆಳಗೆ ಕೋಣೆಗೆ..."

ಸಾಹೇಬರು ಕೈಯೆತ್ತಿ ತಡೆದರು. ಅವರು ಯೋಚಿಸುತ್ತಿದ್ದರು. ನಮ್ಮ ಸಾಹೇಬರು ಯೋಚಿಸಿದ ದಿನವೆಲ್ಲ ಯಾರಿಗಾದರೂ ತೊಂದರೆಯಾಗಿದೆ.

"ಅಂದ್ರೆ ಸಿರಪ್ಪಲ್ಲಿ ಏನೂ ಇರಲಿಲ್ಲ."

"ಇರಲಿಲ್ಲ," ಅಂದರು ತಪಾಸಣೆಯವರು.

"ಆದ್ರೂ ಆ ಲಾಂಡ್ರಿಯಮ್ಮ ಸುಮ್ಮನಾದ್ರು. ಜ್ಯೂಸಿನವನು ಕೈ ಮುಗಿದು ಹೋದ. ಅಂದ ಮೇಲೆ ಜನಾನ ತಣ್ಣಗೆ ಮಾಡಿದ್ದು ಸಿರಪ್ಪಲ್ಲ." ಸಾಹೇಬರು ಭಾವನ ಹೆಗಲ ಮೇಲೆ ಕೈಯಿಟ್ಟರು. "ನೀವು! ಇಂಥವರನ್ನ ನೆಲಮಾಳಿಗೆಗೆ ಹಾಕೋಕೆ ನನಗೇನು ತಲೆ ಕೆಟ್ಟಿದೆಯೇನ್ರೀ? ನಿಮ್ಮ ಅರ್ಜಿ ರದ್ದು. ನಿವೃತ್ತಿಯಾಗೋವರೆಗೂ ಮೂರನೇ ಕಿಟಕಿ ನಿಮ್ಮದೇ."

ಭಾವ "ಹೌದು, ಹೌದು" ಎಂದು ತಲೆಯಾಡಿಸಿದರು. ಈ ಸಲ "ಗೊತ್ತಾಯ್ತು" ಅನ್ನಲಿಲ್ಲ. ಬುಟ್ಟಿ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಸೊಪ್ಪನ್ನು ಗಿಡದ ಬುಡಕ್ಕೆ ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಇದು ಅನ್ಯಾಯ ಸಾರ್!" ಎಂದು ನಾನು ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ ಕಿರುಚಿದೆ. "ಆ ಮನುಷ್ಯನಿಗೆ ಒಂದು ಗಳಿಗೆ ನಿದ್ದೆಯಿಲ್ಲ! ಆ ಕೋಣೆಗೆ ಇನ್ಯಾರನ್ನ ಕಳಿಸ್ತೀರಿ?"

ಸಾಹೇಬರು ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡಿದರು. "ನಿಮ್ಮನ್ನ. ನಾಲ್ಕನೇ ಕಿಟಕೀಲಿ ನೀವು ಕೆಣಕಿದವರನ್ನ ಮೂರನೇ ಕಿಟಕೀಲಿ ಸಮಾಧಾನ ಮಾಡೋದೇ ಇವರಿಗೆ ಅರ್ಧ ಕೆಲಸ. ನಾಳೆಯಿಂದ ನೀವು ಕೆಳಗೆ ಹೋಗಿ."

ಇದಾದ ಮೇಲೆ ಅತ್ತಿಗೆ ಅಂಗಡಿಯವನನ್ನು ತಾವೇ ಕೇಳಿಕೊಂಡು ಬಂದು ನಿಜವಾದ ಸಿರಪ್ಪು ಮಾಡಿ ಕಚೇರಿಗೆ ಕಳಿಸಿದರು. ಲಾಂಡ್ರಿ ಯಜಮಾನಿ ಒಂದು ಗುಟುಕು ಕುಡಿದು ಮುಖ ಕಿವುಚಿದರಂತೆ. "ಇದೇನ್ರೀ, ಔಷಧಿ ಇದ್ದ ಹಾಗಿದೆ? ಮೊದಲಿನದೇ ಕೊಡಿ!" ಆಕೆಯ ದೂರನ್ನು ಭಾವ ಬರೆದುಕೊಂಡರು. ಈಗ ಮತ್ತೆ ಹಳೆಯದನ್ನೇ ಮಾಡುತ್ತಾರೆ. ಮೂಲಿಕೆ ತರುವುದು ನಿಂತಿದೆ, ನಮ್ಮ ಬಚ್ಚಲು ತನ್ನ ಹಳೆಯ ವಾಸನೆಗೆ ಮರಳಿದೆ.

ಇದನ್ನು ನಾನು ಆ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಭಾವ ಹೇಳಿದ್ದು ನಿಜ, ಇಲ್ಲಿಗೆ ಯಾರೂ ಬರುವುದಿಲ್ಲ. ಬಯ್ಯಲು ಒಬ್ಬರೂ ಸಿಗದೆ ನನ್ನ ಆರೋಗ್ಯ ಕೆಡುತ್ತಿದೆ. ಊಟದ ಹೊತ್ತಿಗೆ ಮಾತ್ರ ಭಾವ ಮೆಟ್ಟಿಲಿಳಿದು ಬರುತ್ತಾರೆ. ಕಡತದ ಗಂಟೊಂದನ್ನು ತಲೆದಿಂಬು ಮಾಡಿಕೊಂಡು, ನಾನು ಹಾಸಿಟ್ಟ ಹಳೆಯ ಪರದೆಯ ಮೇಲೆ ಮಲಗಿದವರೇ ಗೊರಕೆ ಹೊಡೆಯುತ್ತಾರೆ. ನಿದ್ದೆಯಲ್ಲಿ ಅವರ ತಲೆ ಆಡುವುದಿಲ್ಲ.

ನಿನ್ನೆ ಸಾಹೇಬರೇ ಅವರನ್ನು ಹುಡುಕಿಕೊಂಡು ಕೆಳಗಿಳಿದು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತು, ಇಲ್ಲಿ ಯಾರೂ ಇಲ್ಲ, ಹಳೆಯ ಕಡತದ ಮೇಲೆ ಧೂಳೆಬ್ಬಿಸಬೇಡಿ, ಹೋಗ್ರೀ ಎಂದು ಬಾಯಿಗೆ ಬಂದದ್ದು ಬಯ್ದೆ. ಎಷ್ಟೋ ದಿನದ ಮೇಲೆ ಬಯ್ದದ್ದು, ನನ್ನ ಗಂಟಲಿಗೂ ಹಿತವಾಯಿತು. ಸಾಹೇಬರು ಹಿಂದಕ್ಕೆ ಹೋದರು. ಬಾಗಿಲು ಹಾಕಿ ನೋಡಿದರೆ ಭಾವ ಮಗ್ಗುಲು ಬದಲಿಸಿ ಮಲಗಿದ್ದರು. ಊಟದ ಹೊತ್ತು ಮುಗಿದಿತ್ತು, ಆದರೂ ನಾನು ಅವರನ್ನು ಎಬ್ಬಿಸಲಿಲ್ಲ.